ಫ್ರೀಡ್ರಿಖ್ ಫಾನ್ ಫೋಕ್ಟ್‌ಲೆಂಡರ್

ಪೀಟರ್ ವಿಲ್ಹೆಲ್ಮ್ ಫ್ರೀಡ್ರಿಖ್ ಫಾನ್ ಫೋಕ್ಟ್‌ಲೆಂಡರ್ (1812–1878) ಅವರು ಆಸ್ಟ್ರಿಯಾದ ವಿಯೆನ್ನಾದಲ್ಲಿ ಜನಿಸಿದ ದೃಕ್ ಉಪಕರಣಗಳ ತಯಾರಕರು ಹಾಗೂ ಉದ್ಯಮಿ. ಗಣಿತಜ್ಞ ಯೋಸೆಫ್ ಪೆಟ್ಸ್‌ವಾಲ್ ಅವರು ಲೆಕ್ಕಹಾಕಿ ರೂಪಿಸಿದ ಭಾವಚಿತ್ರ ಮಸೂರವನ್ನು 1840ರಲ್ಲಿ ಮೊದಲ ಬಾರಿಗೆ ತಯಾರಿಸಿದವರು ಇವರೇ. ಅದೇ ಮಸೂರವನ್ನು ಅಳವಡಿಸಿ ಇವರು ನಿರ್ಮಿಸಿದ ಹಿತ್ತಾಳೆಯ ಡಾಗೆರೊಟೈಪ್ ಕ್ಯಾಮೆರಾ, ಮಾರುಕಟ್ಟೆಗೆ ಬಂದ ಮೊದಲ ಪೂರ್ಣಲೋಹದ ಕ್ಯಾಮೆರಾ ಎಂದು ಛಾಯಾಗ್ರಹಣದ ಇತಿಹಾಸದಲ್ಲಿ ಗುರುತಿಸಲ್ಪಟ್ಟಿದೆ. ಮೂಲ ಕ್ಯಾಮೆರಾಗಳು ಇಂದು ಅತಿ ವಿರಳ. 1956ರಲ್ಲಿ ಸಂಸ್ಥೆಯ ದ್ವಿಶತಮಾನೋತ್ಸವದ ಸಂದರ್ಭದಲ್ಲಿ ತಯಾರಾದ ಅದರ ಪ್ರತಿಕೃತಿಗಳೂ ಈಗ ಸಂಗ್ರಾಹಕರ ನಡುವೆ ಬೆಲೆಬಾಳುವ ವಸ್ತುಗಳಾಗಿವೆ. ಮಸೂರದ ಕೀರ್ತಿ ಮತ್ತು ಲಾಭ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ಪೆಟ್ಸ್‌ವಾಲ್ ಅವರೊಡನೆ ಇವರಿಗೆ ಉಂಟಾದ ದೀರ್ಘಕಾಲದ ವಿರಸವೂ ಪ್ರಸಿದ್ಧವಾಗಿದೆ.

ಮನೆತನ ಮತ್ತು ಆರಂಭಿಕ ಜೀವನ

ಫೋಕ್ಟ್‌ಲೆಂಡರ್ ಮನೆತನದ ಉದ್ಯಮವು 1756ರಲ್ಲಿ ವಿಯೆನ್ನಾದಲ್ಲಿ ಆರಂಭವಾಯಿತು. ಮಾರಿಯಾ ತೆರೇಸಾ ಅವರ ಆಳ್ವಿಕೆಯ ಕಾಲದಲ್ಲಿ ಫ್ರೀಡ್ರಿಖ್ ಅವರ ಅಜ್ಜ ಯೋಹಾನ್ ಕ್ರಿಸ್ಟೋಫ್ ಫೋಕ್ಟ್‌ಲೆಂಡರ್ ಅವರು ಅಳತೆಯ ಹಾಗೂ ಗಣಿತದ ಉಪಕರಣಗಳನ್ನು ತಯಾರಿಸುವ ಕಾರ್ಯಾಗಾರವೊಂದನ್ನು ಸ್ಥಾಪಿಸಿದರು. ಅವರ ಮಗ ಯೋಹಾನ್ ಫ್ರೀಡ್ರಿಖ್ ಫೋಕ್ಟ್‌ಲೆಂಡರ್ (1779–1859) ಅವರು ಉದ್ಯಮವನ್ನು ದೃಕ್ ಉಪಕರಣಗಳ ಕಡೆಗೆ ತಿರುಗಿಸಿದರು. ಕನ್ನಡಕದ ಗಾಜುಗಳು ಹಾಗೂ ನಾಟಕಶಾಲೆಗಳಲ್ಲಿ ಬಳಸುವ ಚಿಕ್ಕ ಜೋಡಿ ದುರ್ಬೀನುಗಳು ಈ ಕಾಲದಲ್ಲಿ ಸಂಸ್ಥೆಗೆ ಹೆಸರು ತಂದುಕೊಟ್ಟವು.

ಯೋಹಾನ್ ಫ್ರೀಡ್ರಿಖ್ ಅವರ ಮಗನಾಗಿ ಫ್ರೀಡ್ರಿಖ್ ಅವರು 1812ರ ನವೆಂಬರ್ ತಿಂಗಳಲ್ಲಿ ಜನಿಸಿದರು. ತಂದೆಯ ಕಾರ್ಯಾಗಾರದಲ್ಲಿ ಮಸೂರಗಳನ್ನು ಅರೆಯುವ, ಹೊಳಪು ಕೊಡುವ ಮತ್ತು ಲೋಹವನ್ನು ಕಡೆಯುವ ಕೆಲಸಗಳನ್ನು ಕಲಿತರು. ವಿಯೆನ್ನಾದ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದರು. 1837ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನ ಸುಮಾರಿಗೆ, ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡರು. ಕೈಕೆಲಸದ ನೈಪುಣ್ಯದೊಡನೆ ಗಾಜಿನ ವಕ್ರೀಭವನಾಂಕವನ್ನು ನಿಖರವಾಗಿ ಅಳೆಯುವ ವಿಧಾನವೂ ಅವರಿಗೆ ತಿಳಿದಿತ್ತು. ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್ ಅವರು ರೂಢಿಗೆ ತಂದಿದ್ದ ಈ ವಿಧಾನವು ಮುಂದೆ ಪೆಟ್ಸ್‌ವಾಲ್ ಮಸೂರದ ತಯಾರಿಕೆಯಲ್ಲಿ ಪ್ರಯೋಜನಕ್ಕೆ ಬಂದಿತು.

ಹಿನ್ನೆಲೆ: ಡಾಗೆರೊಟೈಪಿನ ಮಂದಗತಿ

ಫ್ರಾನ್ಸಿನ ಲೂಯಿ ಡಾಗೇರ್ ಅವರ ಛಾಯಾಗ್ರಹಣ ವಿಧಾನವನ್ನು ವಿಜ್ಞಾನಿ ಫ್ರಾಂಸ್ವಾ ಅರಾಗೊ ಅವರು 1839ರ ಜನವರಿ 7ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಪ್ರಕಟಿಸಿದರು. ಅದರ ಪೂರ್ಣ ವಿವರಗಳು ಅದೇ ವರ್ಷ ಆಗಸ್ಟ್ 19ರಂದು ಬಹಿರಂಗವಾದವು. ಬೆಳ್ಳಿಯ ಲೇಪವಿರುವ ತಾಮ್ರದ ಫಲಕವನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಅಯೋಡಿನ್ ಆವಿಗೆ ಒಡ್ಡಿ, ಕ್ಯಾಮೆರಾದೊಳಗೆ ಇಟ್ಟು ಬೆಳಕಿಗೆ ತೆರೆದು, ಅನಂತರ ಬಿಸಿಮಾಡಿದ ಪಾದರಸದ ಆವಿಯಿಂದ ಚಿತ್ರವನ್ನು ಮೂಡಿಸುವುದು ಈ ವಿಧಾನದ ಸಾರ. ಹೀಗೆ ದೊರೆಯುವ ಚಿತ್ರ ಅತ್ಯಂತ ಸೂಕ್ಷ್ಮವಾದುದು. ಆದರೆ ಒಂದೇ ಒಂದು. ಋಣಪ್ರತಿ ಇಲ್ಲದ ಕಾರಣ ಅದರಿಂದ ಮತ್ತೊಂದು ಪ್ರತಿಯನ್ನು ಮುದ್ರಿಸಲಾಗುವುದಿಲ್ಲ.

ಡಾಗೇರ್ ಅವರ ಒಪ್ಪಿಗೆಯೊಡನೆ ಪ್ಯಾರಿಸ್ಸಿನ ಆಲ್ಫೋನ್ಸ್ ಜಿರೂ ಅವರು 1839ರಲ್ಲಿ ಮಾರಿದ ಕ್ಯಾಮೆರಾ ಮರದ ಪೆಟ್ಟಿಗೆಯಾಗಿತ್ತು. ಒಂದರೊಳಗೊಂದು ಜಾರುವ ಎರಡು ಪೆಟ್ಟಿಗೆಗಳ ಮೂಲಕ ಅದರಲ್ಲಿ ಚಿತ್ರವನ್ನು ಸ್ಪಷ್ಟಗೊಳಿಸಿಕೊಳ್ಳಬೇಕಿತ್ತು. ಅದಕ್ಕೆ ಅಳವಡಿಸಿದ್ದ ಷಾರ್ಲ್ ಷೆವಾಲಿಯೆ ಅವರ ಮಸೂರವು ಸುಮಾರು ಎಫ್/15ರಷ್ಟು ಕಿರಿದಾದ ತೆರಪಿನಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಒಳಗೆ ಬರುವ ಬೆಳಕು ಕಡಿಮೆಯಾದುದರಿಂದ ಫಲಕವನ್ನು ಹಲವು ನಿಮಿಷಗಳ ಕಾಲ, ಮಂದ ಬೆಳಕಿನಲ್ಲಿ ಅರ್ಧ ಗಂಟೆಯವರೆಗೂ, ತೆರೆದಿಡಬೇಕಾಗುತ್ತಿತ್ತು. ಕಟ್ಟಡಗಳು, ಪ್ರತಿಮೆಗಳು ಮುಂತಾದ ಅಚಲ ವಸ್ತುಗಳಿಗೆ ಇದು ಸಾಕಾಗಿತ್ತು. ಜೀವಂತ ವ್ಯಕ್ತಿಯ ಮುಖವನ್ನು ಸೆರೆಹಿಡಿಯುವುದು ಮಾತ್ರ ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಜನರು ಈ ಹೊಸ ಆವಿಷ್ಕಾರದಿಂದ ಮುಖ್ಯವಾಗಿ ಬಯಸಿದ್ದು ತಮ್ಮ ಹಾಗೂ ತಮ್ಮವರ ಭಾವಚಿತ್ರಗಳನ್ನೇ ಆದುದರಿಂದ ಹೆಚ್ಚು ಬೆಳಕನ್ನು ಒಳಬಿಡುವ ಮಸೂರದ ಅಗತ್ಯ ಎಲ್ಲೆಡೆ ಕಂಡುಬಂದಿತು.

ಪೆಟ್ಸ್‌ವಾಲ್ ಅವರೊಡನೆ ಸಹಯೋಗ

ವಿಯೆನ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರಿಯಾಸ್ ಫಾನ್ ಎಟ್ಟಿಂಗ್ಸ್‌ಹೌಸನ್ ಅವರು 1839ರಲ್ಲಿ ಪ್ಯಾರಿಸ್ಸಿನಲ್ಲಿದ್ದು ಡಾಗೇರ್ ವಿಧಾನವನ್ನು ಅರಿತು ಹಿಂದಿರುಗಿದರು. ಉತ್ತಮ ಮಸೂರದ ಕೊರತೆಯನ್ನು ಅವರು ತಮ್ಮ ಸಹೋದ್ಯೋಗಿ ಯೋಸೆಫ್ ಪೆಟ್ಸ್‌ವಾಲ್ ಅವರ ಗಮನಕ್ಕೆ ತಂದರು. ಇಂದಿನ ಸ್ಲೊವಾಕಿಯಾದ ಸ್ಪಿಶ್‌ಸ್ಕಾ ಬೆಲಾ ಎಂಬ ಊರಿನಲ್ಲಿ 1807ರಲ್ಲಿ ಜನಿಸಿದ ಪೆಟ್ಸ್‌ವಾಲ್ ಅವರು 1837ರಿಂದ ವಿಯೆನ್ನಾದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು.

ಅಲ್ಲಿಯವರೆಗೆ ಮಸೂರ ತಯಾರಕರು ಹೆಚ್ಚಾಗಿ ಅನುಭವ ಹಾಗೂ ಪುನಃಪುನಃ ಪ್ರಯೋಗಗಳನ್ನೇ ಅವಲಂಬಿಸುತ್ತಿದ್ದರು. ಪೆಟ್ಸ್‌ವಾಲ್ ಅವರು ಬೆಳಕಿನ ಕಿರಣಗಳ ಮಾರ್ಗವನ್ನು ಗಣಿತದಿಂದ ಲೆಕ್ಕಹಾಕಿ, ಮಸೂರದ ಮೇಲ್ಮೈಗಳ ಬಾಗುವಿಕೆಯನ್ನು ಮೊದಲೇ ನಿರ್ಧರಿಸುವ ದಾರಿಯನ್ನು ಹಿಡಿದರು. ಈ ಲೆಕ್ಕಾಚಾರ ಅಪಾರವಾಗಿದ್ದುದರಿಂದ ಆಸ್ಟ್ರಿಯಾ ಸೇನೆಯ ಫಿರಂಗಿ ದಳದ, ಗಣಿತ ಬಲ್ಲ ಕೆಲವು ಸೈನಿಕರನ್ನು ಅವರ ನೆರವಿಗೆ ಒದಗಿಸಲಾಗಿತ್ತು. ಗುಂಡಿನ ಪಥವನ್ನು ಲೆಕ್ಕಹಾಕಲು ಕಲಿತಿದ್ದ ಅವರು ಇಲ್ಲಿ ಬೆಳಕಿನ ಪಥವನ್ನು ಲೆಕ್ಕಹಾಕಿದರು. ಸುಮಾರು ಆರು ತಿಂಗಳಲ್ಲಿ ಕೆಲಸ ಮುಗಿಯಿತು.

ಲೆಕ್ಕವನ್ನು ಗಾಜಿಗೆ ಇಳಿಸುವ ಹೊಣೆ ಫೋಕ್ಟ್‌ಲೆಂಡರ್ ಅವರದಾಯಿತು. ಲಭ್ಯವಿದ್ದ ಗಾಜುಗಳ ವಕ್ರೀಭವನಾಂಕಗಳನ್ನು ಅಳೆದು ಪೆಟ್ಸ್‌ವಾಲ್ ಅವರಿಗೆ ಒದಗಿಸಿದವರೂ, ಅವರ ಲೆಕ್ಕದಂತೆ ಮಸೂರಗಳನ್ನು ಅರೆದು ಹಿತ್ತಾಳೆಯ ಕೊಳವೆಯಲ್ಲಿ ಜೋಡಿಸಿದವರೂ ಅವರೇ. 1840ರ ಮೇ ತಿಂಗಳ ವೇಳೆಗೆ ಮೊದಲ ಮಾದರಿ ಸಿದ್ಧವಾಯಿತು. ಪಾಲಿಟೆಕ್ನಿಕ್ ಸಂಸ್ಥೆಯ ಗ್ರಂಥಪಾಲಕ ಆಂಟನ್ ಮಾರ್ಟಿನ್ ಅವರು ಹೊಸ ಮಸೂರದಿಂದ ಆರಂಭದ ಪರೀಕ್ಷಾ ಚಿತ್ರಗಳನ್ನು ತೆಗೆದರು. ಈ ಕಾರ್ಯಕ್ಕಾಗಿ ಪೆಟ್ಸ್‌ವಾಲ್ ಅವರಿಗೆ ಒಮ್ಮೆಗೆ ಸಲ್ಲುವಂತೆ 2,000 ಗುಲ್ಡನ್ ಸಂದಾಯವಾಯಿತು. ಮಾರಾಟವಾಗುವ ಪ್ರತಿ ಮಸೂರದ ಮೇಲೆ ಪಾಲು ಕೊಡುವ ಏರ್ಪಾಡು ಇರಲಿಲ್ಲ. ಮುಂದಿನ ವಿರಸಕ್ಕೆ ಇದೇ ಮೂಲವಾಯಿತು.

ಮಸೂರದ ರಚನೆ

ಪೆಟ್ಸ್‌ವಾಲ್ ಭಾವಚಿತ್ರ ಮಸೂರದಲ್ಲಿ ನಾಲ್ಕು ಗಾಜುಗಳು ಎರಡು ಗುಂಪುಗಳಾಗಿ ಜೋಡಣೆಗೊಂಡಿವೆ. ಮುಂದಿನ ಗುಂಪಿನಲ್ಲಿ ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಬಗೆಯ ಗಾಜುಗಳನ್ನು ಒಂದಕ್ಕೊಂದು ಅಂಟಿಸಲಾಗಿದೆ. ಹಿಂದಿನ ಗುಂಪಿನ ಎರಡು ಗಾಜುಗಳ ನಡುವೆ ಗಾಳಿಯ ತೆರವಿದೆ. ಎರಡು ಬಗೆಯ ಗಾಜುಗಳನ್ನು ಜೊತೆಗೂಡಿಸುವುದರಿಂದ ಬಣ್ಣಗಳು ಬೇರೆಬೇರೆ ಸ್ಥಳಗಳಲ್ಲಿ ಕೇಂದ್ರೀಕರಿಸುವ ದೋಷ ತಗ್ಗುತ್ತದೆ. ಹಿಂದಿನ ಗುಂಪು ಅಗಲವಾದ ತೆರಪಿನಿಂದ ಉಂಟಾಗುವ ಇತರ ದೋಷಗಳನ್ನು ಸರಿದೂಗಿಸುತ್ತದೆ.

ಮೊದಲ ಮಸೂರದ ಸಂಗಮದೂರ ಸುಮಾರು 149 ಮಿ.ಮೀ. ಹಾಗೂ ತೆರಪು ಸುಮಾರು ಎಫ್/3.6. ಹಿಂದಿನ ಎಫ್/15ರ ಮಸೂರಕ್ಕೆ ಹೋಲಿಸಿದರೆ ಇದು ಸುಮಾರು 16 ಪಟ್ಟು ಹೆಚ್ಚು ಬೆಳಕನ್ನು ಫಲಕಕ್ಕೆ ತಲುಪಿಸುತ್ತಿತ್ತು. ತೆರಪಿನ ಸಂಖ್ಯೆ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿದರೆ ಬೆಳಕು ಅದರ ವರ್ಗದ ಪ್ರಮಾಣದಲ್ಲಿ, ಅಂದರೆ ಹದಿನಾರು ಪಟ್ಟು, ಹೆಚ್ಚುವುದೇ ಇದಕ್ಕೆ ಕಾರಣ. ಹೀಗಾಗಿ ಹದಿನೈದು ನಿಮಿಷ ಬೇಕಾಗಿದ್ದ ಚಿತ್ರಕ್ಕೆ ಒಂದು ನಿಮಿಷದಷ್ಟು ಕಾಲ ಸಾಕಾಯಿತು.

ಈ ಮಸೂರಕ್ಕೆ ಮಿತಿಗಳೂ ಇದ್ದವು. ಚಿತ್ರದ ನಡುಭಾಗ ಅತ್ಯಂತ ಸ್ಪಷ್ಟವಾಗಿದ್ದರೆ ಅಂಚುಗಳ ಕಡೆಗೆ ಸ್ಪಷ್ಟತೆ ಇಳಿಯುತ್ತದೆ. ಹಿನ್ನೆಲೆ ಸುಳಿಯಂತೆ ಮಸುಕಾಗುತ್ತದೆ. ವಿಶಾಲವಾದ ಪ್ರಕೃತಿ ದೃಶ್ಯಗಳಿಗೆ ಇದು ತಕ್ಕುದಲ್ಲ. ಮುಖವೊಂದೇ ಮುಖ್ಯವಾಗಿರುವ ಭಾವಚಿತ್ರಕ್ಕೆ ಈ ಮಿತಿ ಅಡ್ಡಿಯಾಗಲಿಲ್ಲ.

1840ರ ಲೋಹದ ಕ್ಯಾಮೆರಾ

ಹೊಸ ಮಸೂರಕ್ಕಾಗಿ ಫೋಕ್ಟ್‌ಲೆಂಡರ್ ಅವರು ರೂಪಿಸಿದ ಕ್ಯಾಮೆರಾ ಅಂದಿನ ಮರದ ಪೆಟ್ಟಿಗೆಗಳಿಗಿಂತ ಸಂಪೂರ್ಣ ಭಿನ್ನವಾಗಿತ್ತು. ನೋಟಕ್ಕೆ ಅದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಮೇಜಿನ ಮೇಲಿಟ್ಟ ದೂರದರ್ಶಕದಂತೆ ಕಾಣುತ್ತದೆ. ದುರ್ಬೀನುಗಳನ್ನು ಮಾಡಿ ಪಳಗಿದ ಕಾರ್ಯಾಗಾರದಲ್ಲಿ ಅದು ಹುಟ್ಟಿದ್ದು ಇದಕ್ಕೆ ಕಾರಣವಿರಬೇಕು. ಅದರ ಒಡಲು ಶಂಕುವಿನಾಕಾರದ ಹಿತ್ತಾಳೆಯ ಕೊಳವೆ. ಕಿರಿದಾದ ತುದಿಯಲ್ಲಿ ಮಸೂರವೂ ಅಗಲವಾದ ತುದಿಯಲ್ಲಿ ಫಲಕವನ್ನು ಇರಿಸುವ ಭಾಗವೂ ಇವೆ. ಹಿಂಬದಿಯಲ್ಲಿ ಉಜ್ಜಿದ ಗಾಜಿನ ಮೇಲೆ ಬೀಳುವ ಬಿಂಬವನ್ನು ಪರೀಕ್ಷಿಸಲು ಭೂತಗನ್ನಡಿಯೊಂದಿದೆ. ಇಡೀ ಕೊಳವೆಯು ಲೋಹದ ಕಂಬದ ಮೇಲೆ, ಕವಲಿನಂತಹ ಆಧಾರಗಳಲ್ಲಿ ಒರಗಿರುತ್ತದೆ. ಹಲ್ಲುಪಟ್ಟಿ ಮತ್ತು ತಿರುಗಣೆಯ ನೆರವಿನಿಂದ ಮಸೂರವನ್ನು ಹಿಂದೆ ಮುಂದೆ ಸರಿಸಿ ಬಿಂಬವನ್ನು ಸ್ಪಷ್ಟಗೊಳಿಸಬಹುದು.

ಈ ಕ್ಯಾಮೆರಾದಲ್ಲಿ ಮೂಡುವ ಚಿತ್ರವು ಸುಮಾರು 9 ಸೆಂ.ಮೀ. ವ್ಯಾಸದ ವೃತ್ತ. ಮಸೂರವು ನಡುಭಾಗದಲ್ಲೇ ಹೆಚ್ಚು ಸ್ಪಷ್ಟವಾಗಿರುವುದರಿಂದ ಮೂಲೆಗಳಿಲ್ಲದ ದುಂಡು ಫಲಕ ಅದಕ್ಕೆ ಹೊಂದಿಕೊಳ್ಳುತ್ತಿತ್ತು.

ಬಳಸುವ ವಿಧಾನ ಹೀಗಿತ್ತು. ಕ್ಯಾಮೆರಾವನ್ನು ಮೇಜಿನ ಮೇಲೆ ನಿಲ್ಲಿಸಿ, ಕುಳಿತಿರುವ ವ್ಯಕ್ತಿಯ ಕಡೆಗೆ ತಿರುಗಿಸಿ, ಭೂತಗನ್ನಡಿಯ ಮೂಲಕ ನೋಡುತ್ತಾ ಬಿಂಬವನ್ನು ಸರಿಪಡಿಸಬೇಕು. ಅನಂತರ ಮಸೂರಕ್ಕೆ ಮುಚ್ಚಳ ಹಾಕಿ, ಕೊಳವೆಯನ್ನು ಆಧಾರದಿಂದ ಎತ್ತಿ ಕತ್ತಲೆಕೋಣೆಗೆ ಒಯ್ಯಬೇಕು. ಅಲ್ಲಿ ಉಜ್ಜಿದ ಗಾಜಿನ ಭಾಗವನ್ನು ತೆಗೆದು, ಸಿದ್ಧಪಡಿಸಿದ ಬೆಳ್ಳಿ ಫಲಕವನ್ನು ಅದರ ಸ್ಥಾನದಲ್ಲಿ ಜೋಡಿಸಿ, ಕೊಳವೆಯನ್ನು ಮತ್ತೆ ತಂದು ಅದೇ ಆಧಾರದ ಮೇಲೆ ಅದೇ ಸ್ಥಿತಿಯಲ್ಲಿ ಇಡಬೇಕು. ಅಲ್ಲಿಯವರೆಗೆ ಕುಳಿತ ವ್ಯಕ್ತಿ ಸ್ಥಳ ಬಿಟ್ಟು ಕದಲುವಂತಿಲ್ಲ. ಮುಚ್ಚಳವನ್ನು ತೆಗೆದು, ಬೆಳಕಿಗೆ ತಕ್ಕಷ್ಟು ಕಾಲ ಕಾದು, ಮತ್ತೆ ಮುಚ್ಚಿದರೆ ಚಿತ್ರಗ್ರಹಣ ಮುಗಿಯುತ್ತದೆ. ಫಲಕವನ್ನು ಮತ್ತೆ ಕತ್ತಲೆಕೋಣೆಗೆ ಒಯ್ದು ಪಾದರಸದ ಆವಿಯಲ್ಲಿ ಚಿತ್ರವನ್ನು ಮೂಡಿಸಲಾಗುತ್ತಿತ್ತು. ಒಂದೊಂದು ಚಿತ್ರಕ್ಕೂ ಇಡೀ ಕ್ಯಾಮೆರಾವನ್ನೇ ಹೊತ್ತು ಓಡಾಡಬೇಕಾದ ಈ ಕ್ರಮ ಇಂದು ತೊಡಕಾಗಿ ಕಂಡರೂ, ಬೆಳಕು ನುಸುಳದಂತೆ ಭದ್ರವಾಗಿ ಕೂಡುವ ಲೋಹದ ಭಾಗಗಳು ಅದನ್ನು ವಿಶ್ವಾಸಾರ್ಹವಾಗಿಸಿದ್ದವು.

ಮಾರಾಟ ಮತ್ತು ಪ್ರಸಾರ

ಕ್ಯಾಮೆರಾ 1841ರಲ್ಲಿ ಮಾರುಕಟ್ಟೆಗೆ ಬಂದಿತು. ಅದರೊಡನೆ ಬಳಕೆಯ ಕೈಪಿಡಿಯನ್ನೂ ಸಂಸ್ಥೆ ಒದಗಿಸಿತು. ಬಿಸಿಲು ಹಾಗೂ ಮೋಡದ ದಿನಗಳಲ್ಲಿ ಎಷ್ಟು ಕಾಲ ಫಲಕವನ್ನು ತೆರೆದಿಡಬೇಕೆಂಬ ಸೂಚನೆಗಳು ಅದರಲ್ಲಿದ್ದವು. ಕ್ಯಾಮೆರಾದ ಬೆಲೆ 120 ಗುಲ್ಡನ್. ಇದು ಸಾಮಾನ್ಯರ ಕೈಗೆಟುಕುವ ಮೊತ್ತವಾಗಿರಲಿಲ್ಲ. ಹಾಗಿದ್ದರೂ 1842ರ ವೇಳೆಗೆ ಸುಮಾರು 600 ಕ್ಯಾಮೆರಾಗಳು ಮಾರಾಟವಾದವು.

ಇದೇ ಕಾಲದಲ್ಲಿ ವಿಯೆನ್ನಾದ ಫ್ರಾಂಟ್ಸ್ ಕ್ರಟೊಖ್ವಿಲಾ ಹಾಗೂ ನಾಟರರ್ ಸಹೋದರರು ಅಯೋಡಿನ್ನಿನೊಡನೆ ಬ್ರೋಮಿನ್ ಮತ್ತು ಕ್ಲೋರಿನ್ ಆವಿಗಳನ್ನು ಬಳಸಿ ಫಲಕದ ಸಂವೇದನಶೀಲತೆಯನ್ನು ಹೆಚ್ಚಿಸಿದರು. ವೇಗದ ಮಸೂರ ಮತ್ತು ವೇಗದ ಫಲಕ ಎರಡೂ ಸೇರಿ ಚಿತ್ರಗ್ರಹಣದ ಅವಧಿಯನ್ನು ಸೆಕೆಂಡುಗಳಿಗೆ ಇಳಿಸಿದವು. ಭಾವಚಿತ್ರ ತೆಗೆಯುವ ವೃತ್ತಿ ಯುರೋಪು ಮತ್ತು ಅಮೆರಿಕದ ನಗರಗಳಲ್ಲಿ ಹರಡಲು ಈ ಬದಲಾವಣೆ ಕಾರಣವಾಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಮತ್ತು ಫ್ರೆಡರಿಕ್ ಲಾಂಗನ್‌ಹೈಮ್ ಸಹೋದರರು ಫೋಕ್ಟ್‌ಲೆಂಡರ್ ಮಸೂರಗಳನ್ನು ಬಳಸಿದರು ಮತ್ತು ಮಾರಿದರು. 1845ರಲ್ಲಿ ಅವರು ತೆಗೆದ ನಯಾಗರಾ ಜಲಪಾತದ ಚಿತ್ರಗಳು ಪ್ರಸಿದ್ಧವಾಗಿವೆ.

ದುಂಡು ಫಲಕದ ಲೋಹದ ಕ್ಯಾಮೆರಾ ಹೆಚ್ಚು ಕಾಲ ಬಳಕೆಯಲ್ಲಿ ಉಳಿಯಲಿಲ್ಲ. ಆಯತಾಕಾರದ ಫಲಕಗಳೇ ರೂಢಿಯಾದಂತೆ ಛಾಯಾಗ್ರಾಹಕರು ಮಸೂರವನ್ನು ಮಾತ್ರ ಕೊಂಡು ಮರದ ಕ್ಯಾಮೆರಾಗಳಿಗೆ ಅಳವಡಿಸಿಕೊಂಡರು. ಕ್ಯಾಮೆರಾ ಬೇಗನೆ ಮರೆಯಾದರೂ ಮಸೂರ ಉಳಿಯಿತು. ಆಸ್ಟ್ರಿಯಾದ ಹೊರಗೆ ಪೇಟೆಂಟಿನ ರಕ್ಷಣೆ ಇಲ್ಲದ ಕಾರಣ ಫ್ರಾನ್ಸ್, ಇಂಗ್ಲೆಂಡ್ ಮುಂತಾದ ದೇಶಗಳ ತಯಾರಕರು ಅದನ್ನು ನಕಲು ಮಾಡಿದರು.

ಪೆಟ್ಸ್‌ವಾಲ್ ಅವರೊಡನೆ ವಿವಾದ

ಮಸೂರದ ಮಾರಾಟ ಬೆಳೆದಂತೆ ಪೆಟ್ಸ್‌ವಾಲ್ ಮತ್ತು ಫೋಕ್ಟ್‌ಲೆಂಡರ್ ಅವರ ಸಂಬಂಧ ಹದಗೆಟ್ಟಿತು. ತಮ್ಮ ಲೆಕ್ಕದ ಫಲದಿಂದ ಸಂಸ್ಥೆ ಅಪಾರ ಲಾಭ ಗಳಿಸುತ್ತಿದ್ದರೂ ತಮಗೆ ಮೊದಲ ಮೊತ್ತದ ಹೊರತು ಏನೂ ದೊರೆಯಲಿಲ್ಲ ಎಂಬುದು ಪೆಟ್ಸ್‌ವಾಲ್ ಅವರ ದೂರಾಗಿತ್ತು. ಅವರ ನಡುವೆ ಸ್ಪಷ್ಟವಾದ ಲಿಖಿತ ಒಪ್ಪಂದ ಇಲ್ಲದಿದ್ದುದು ಮನಸ್ತಾಪವನ್ನು ಬೆಳೆಸಿತು. 1840ರ ದಶಕದ ಮಧ್ಯಭಾಗದ ವೇಳೆಗೆ ಇಬ್ಬರ ಸಹಯೋಗ ಮುಗಿದಿತ್ತು.

ಭಾವಚಿತ್ರ ಮಸೂರದೊಡನೆ ಪೆಟ್ಸ್‌ವಾಲ್ ಅವರು ಪ್ರಕೃತಿ ದೃಶ್ಯಗಳಿಗೆ ತಕ್ಕ ಇನ್ನೊಂದು ಮಸೂರದ ಲೆಕ್ಕವನ್ನೂ ಸಿದ್ಧಪಡಿಸಿದ್ದರು. 1850ರ ದಶಕದಲ್ಲಿ ಅವರು ಕಾರ್ಲ್ ಡಯಟ್ಸ್ಲರ್ ಎಂಬ ಬೇರೊಬ್ಬ ತಯಾರಕರ ಮೂಲಕ ಅದನ್ನು ಹೊರತಂದಾಗ, ಫೋಕ್ಟ್‌ಲೆಂಡರ್ ಅವರೂ ತಮ್ಮ ಬಳಿ ಮೊದಲಿನಿಂದ ಇದ್ದ ವಿವರಗಳ ಆಧಾರದ ಮೇಲೆ ಅದೇ ಬಗೆಯ ಮಸೂರವನ್ನು ಆರ್ಥೊಸ್ಕೋಪ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು. ಇದರಿಂದ ವಿವಾದ ಮತ್ತೆ ತೀವ್ರವಾಗಿ, ಬಹಿರಂಗ ವಾಗ್ವಾದಕ್ಕೆ ತಿರುಗಿತು. ಡಯಟ್ಸ್ಲರ್ ಅವರ ಉದ್ಯಮ 1860ರ ದಶಕದ ಆರಂಭದಲ್ಲಿ ಕುಸಿಯಿತು. ಪೆಟ್ಸ್‌ವಾಲ್ ಅವರ ಮನೆಗೆ ಕಳ್ಳರು ನುಗ್ಗಿದ ಘಟನೆಯಲ್ಲಿ ದೃಗ್ವಿಜ್ಞಾನದ ಅವರ ಹಸ್ತಪ್ರತಿಗಳು ನಾಶವಾದವು. ಕ್ರಮೇಣ ಅವರು ದೃಗ್ವಿಜ್ಞಾನದಿಂದ ದೂರ ಸರಿದು, ಏಕಾಂತದಲ್ಲಿ ಬಾಳಿ, 1891ರಲ್ಲಿ ನಿಧನರಾದರು.

ಈ ವಿವಾದದಲ್ಲಿ ಎರಡೂ ಪಕ್ಷಗಳಿಗೆ ತಮ್ಮದೇ ಆದ ಸಮರ್ಥನೆಗಳಿವೆ. ಮಸೂರದ ಕಲ್ಪನೆ ಹಾಗೂ ಗಣಿತ ಸಂಪೂರ್ಣವಾಗಿ ಪೆಟ್ಸ್‌ವಾಲ್ ಅವರದು. ಆ ಲೆಕ್ಕವನ್ನು ಅಂದಿನ ಗಾಜಿನಲ್ಲಿ ಅಷ್ಟು ನಿಖರವಾಗಿ ಸಾಧಿಸಿ, ನೂರಾರು ಸಂಖ್ಯೆಯಲ್ಲಿ ಒಂದೇ ಗುಣಮಟ್ಟದಿಂದ ತಯಾರಿಸಿದ ಶ್ರೇಯಸ್ಸು ಫೋಕ್ಟ್‌ಲೆಂಡರ್ ಅವರದು. ಮಸೂರಕ್ಕೆ ಇಂದು ಪೆಟ್ಸ್‌ವಾಲ್ ಅವರ ಹೆಸರೇ ನಿಂತಿದೆ. ಕ್ಯಾಮೆರಾ ಫೋಕ್ಟ್‌ಲೆಂಡರ್ ಅವರ ಹೆಸರಿನಿಂದ ಗುರುತಿಸಲ್ಪಡುತ್ತದೆ.

ಬ್ರೌನ್‌ಶ್ವೈಗ್‌ಗೆ ಸ್ಥಳಾಂತರ

1848ರಲ್ಲಿ ವಿಯೆನ್ನಾದಲ್ಲಿ ಕ್ರಾಂತಿ ಭುಗಿಲೆದ್ದಿತು. ನಗರದ ಅಶಾಂತಿಯಿಂದ ಉದ್ಯಮ ನಡೆಸುವುದು ಕಷ್ಟವಾಯಿತು. ಫೋಕ್ಟ್‌ಲೆಂಡರ್ ಅವರು ಪತ್ನಿಯ ಕಡೆಯವರ ಊರಾದ ಉತ್ತರ ಜರ್ಮನಿಯ ಬ್ರೌನ್‌ಶ್ವೈಗ್‌ಗೆ ತೆರಳಿ, 1849ರಲ್ಲಿ ಅಲ್ಲಿ ಶಾಖೆಯೊಂದನ್ನು ತೆರೆದರು. ಆಸ್ಟ್ರಿಯಾದ ಪೇಟೆಂಟ್ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಪೆಟ್ಸ್‌ವಾಲ್ ಅವರೊಡನೆ ಇದ್ದ ವಿವಾದದಲ್ಲಿ ಈ ಸ್ಥಳಾಂತರವೂ ಒಂದು ವಿಷಯವಾಯಿತು. ಕಾಲಕ್ರಮದಲ್ಲಿ ಬ್ರೌನ್‌ಶ್ವೈಗ್ ಶಾಖೆಯೇ ಸಂಸ್ಥೆಯ ಮುಖ್ಯ ನೆಲೆಯಾಯಿತು. ವಿಯೆನ್ನಾದ ಕಾರ್ಯಾಗಾರ ಮುಚ್ಚಿತು.

ಗಾಜಿನ ಫಲಕದ ಮೇಲೆ ಋಣಪ್ರತಿ ಪಡೆಯುವ ಕಲೋಡಿಯನ್ ವಿಧಾನ 1851ರಲ್ಲಿ ಪ್ರಕಟವಾದ ಮೇಲೆ ಡಾಗೆರೊಟೈಪ್ ಹಿಂದೆ ಸರಿಯಿತು. ಭಾವಚಿತ್ರ ಮಸೂರಕ್ಕೆ ಮಾತ್ರ ಬೇಡಿಕೆ ಹೆಚ್ಚುತ್ತಲೇ ಹೋಯಿತು. 1862ರ ವೇಳೆಗೆ ಸಂಸ್ಥೆ ತಯಾರಿಸಿದ ಛಾಯಾಗ್ರಹಣ ಮಸೂರಗಳ ಸಂಖ್ಯೆ 10,000 ತಲುಪಿತ್ತು.

ಕೊನೆಯ ವರ್ಷಗಳು ಮತ್ತು ನಿಧನ

1866ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಒಂದನೆಯ ಫ್ರಾಂಟ್ಸ್ ಯೋಸೆಫ್ ಅವರು ಫೋಕ್ಟ್‌ಲೆಂಡರ್ ಅವರಿಗೆ ವಂಶಪಾರಂಪರ್ಯದ ಕುಲೀನ ಪದವಿಯನ್ನು ನೀಡಿದರು. ಅವರ ಹೆಸರಿನಲ್ಲಿರುವ ಫಾನ್ ಎಂಬ ಪದ ಇದನ್ನು ಸೂಚಿಸುತ್ತದೆ. ಅದೇ ವರ್ಷ ಇಂಗ್ಲೆಂಡಿನ ಡಾಲ್‌ಮೇಯರ್ ಹಾಗೂ ಜರ್ಮನಿಯ ಸ್ಟೈನ್‌ಹೈಲ್ ಸಂಸ್ಥೆಗಳು ಹೊಸ ಬಗೆಯ ಸಮಮಿತ ಮಸೂರಗಳನ್ನು ಹೊರತಂದವು. ಇದರಿಂದ ಸ್ಪರ್ಧೆ ಕಠಿಣವಾಯಿತು.

1876ರಲ್ಲಿ ಉದ್ಯಮದ ಹೊಣೆಯನ್ನು ಮಗ ಫ್ರೀಡ್ರಿಖ್ ಫಾನ್ ಫೋಕ್ಟ್‌ಲೆಂಡರ್ (1846–1924) ಅವರಿಗೆ ವಹಿಸಿದರು. 1878ರ ಏಪ್ರಿಲ್ ತಿಂಗಳಲ್ಲಿ ಬ್ರೌನ್‌ಶ್ವೈಗ್‌ನಲ್ಲಿ ನಿಧನರಾದರು.

ಸಂಸ್ಥೆಯ ಮುಂದಿನ ಇತಿಹಾಸ

ಫೋಕ್ಟ್‌ಲೆಂಡರ್ ಸಂಸ್ಥೆಯು 1898ರಲ್ಲಿ ಷೇರು ಕಂಪನಿಯಾಯಿತು. 1900ರಲ್ಲಿ ಹಾನ್ಸ್ ಹಾರ್ಟಿಂಗ್ ಅವರು ರೂಪಿಸಿದ ಹೀಲಿಯಾರ್ ಮಸೂರ ಅದರ ಪ್ರಸಿದ್ಧ ಉತ್ಪನ್ನಗಳಲ್ಲಿ ಒಂದು. 1925ರಲ್ಲಿ ಸಂಸ್ಥೆಯ ಬಹುಪಾಲು ಒಡೆತನ ಶೆರಿಂಗ್ ಕಂಪನಿಗೂ 1956ರಲ್ಲಿ ಕಾರ್ಲ್ ಝೈಸ್ ಪ್ರತಿಷ್ಠಾನಕ್ಕೂ ಹೋಯಿತು. 1959ರಲ್ಲಿ ಹೊರಬಂದ ಝೂಮಾರ್, 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಗಳಿಗಾಗಿ ತಯಾರಾದ ಮೊದಲ ಜೂಮ್ ಮಸೂರ. 1970ರ ದಶಕದ ಆರಂಭದಲ್ಲಿ ಬ್ರೌನ್‌ಶ್ವೈಗ್ ಕಾರ್ಖಾನೆ ಮುಚ್ಚಿತು. ಹೆಸರಿನ ಹಕ್ಕು ರೋಲೈ ಸಂಸ್ಥೆಗೆ ಸೇರಿತು. 1999ರಿಂದ ಜಪಾನಿನ ಕೊಸೀನಾ ಸಂಸ್ಥೆ ಈ ಹೆಸರಿನಲ್ಲಿ ಮಸೂರಗಳನ್ನು ತಯಾರಿಸುತ್ತಿದೆ; ಕೆಲವು ಕಾಲ ಕ್ಯಾಮೆರಾಗಳನ್ನೂ ತಯಾರಿಸಿತ್ತು.

ಪ್ರತಿಕೃತಿಗಳು ಮತ್ತು ಸಂಗ್ರಹ

ಮೂಲದ ಹಿತ್ತಾಳೆ ಕ್ಯಾಮೆರಾಗಳಲ್ಲಿ ಕೆಲವೇ ಕೆಲವು ಉಳಿದಿದ್ದು, ಬಹುತೇಕ ವಸ್ತುಸಂಗ್ರಹಾಲಯಗಳ ವಶದಲ್ಲಿವೆ. ಬಳಕೆ ತಪ್ಪಿದ ಮೇಲೆ ಹಿತ್ತಾಳೆಯನ್ನು ಕರಗಿಸಿಕೊಳ್ಳುವುದು ಹಾಗೂ ಮಸೂರವನ್ನು ಬಿಚ್ಚಿ ಬೇರೆ ಕ್ಯಾಮೆರಾಕ್ಕೆ ಹಾಕುವುದು ಸುಲಭವಾಗಿದ್ದುದು ಈ ವಿರಳತೆಗೆ ಕಾರಣವೆನ್ನಬಹುದು. ಈ ಹಿನ್ನೆಲೆಯಲ್ಲಿ ಪ್ರತಿಕೃತಿಗಳಿಗೆ ಮಹತ್ವ ಬಂದಿದೆ.

1956ರಲ್ಲಿ ಸಂಸ್ಥೆ ಇನ್ನೂರು ವರ್ಷ ಪೂರೈಸಿದಾಗ 1840ರ ಕ್ಯಾಮೆರಾದ ಪ್ರತಿಕೃತಿಗಳು ಸಂಸ್ಥೆಯ ಆಶ್ರಯದಲ್ಲೇ ತಯಾರಾದವು. ಇವು ಕೇವಲ ಅಲಂಕಾರದ ಬೊಂಬೆಗಳಲ್ಲ. ಹಿತ್ತಾಳೆಯ ಕೊಳವೆ, ಕಂಬ, ಮಸೂರ ಮತ್ತು ಭೂತಗನ್ನಡಿಗಳನ್ನು ಮೂಲದ ರೂಪದಲ್ಲೇ ಹೊಂದಿವೆ. ಅಧಿಕೃತ ತಯಾರಕರಿಂದಲೇ ಬಂದವುಗಳಾದ್ದರಿಂದ ಹರಾಜುಗಳಲ್ಲಿ ಇವುಗಳನ್ನು ಪ್ರತ್ಯೇಕ ವರ್ಗವಾಗಿ ಪರಿಗಣಿಸಲಾಗುತ್ತದೆ. ಇವಲ್ಲದೆ ಸ್ವತಂತ್ರ ಕುಶಲಕರ್ಮಿಗಳು ಮಾಡಿದ ಪೂರ್ಣ ಗಾತ್ರದ ಪ್ರತಿಕೃತಿಗಳೂ, ಮೇಜಿನ ಅಲಂಕಾರಕ್ಕಾಗಿ ಮಾಡಿದ ಚಿಕ್ಕ ಮಾದರಿಗಳೂ ಸಂಗ್ರಾಹಕರ ನಡುವೆ ಕಾಣಸಿಗುತ್ತವೆ.

ಪ್ರತಿಕೃತಿಯನ್ನು ಮೂಲವೆಂದು ಮಾರುವ ಸಾಧ್ಯತೆ ಇರುವುದರಿಂದ ಸಂಗ್ರಾಹಕರು ಹಲವು ಅಂಶಗಳನ್ನು ಪರಿಶೀಲಿಸುತ್ತಾರೆ:

• ಕೊಳವೆಯ ಮೇಲೆ ಕೆತ್ತಿರುವ ಸಂಸ್ಥೆಯ ಹೆಸರು, ವಿಯೆನ್ನಾದ ಉಲ್ಲೇಖ ಮತ್ತು ಕ್ರಮಸಂಖ್ಯೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ಕೈಯಿಂದಲೇ ಕೆತ್ತಲಾಗುತ್ತಿತ್ತು.
• ತಿರುಪುಗಳ ಗಾಡಿಗಳು. ಹಳೆಯ ಕಾರ್ಯಾಗಾರದ ತಿರುಪುಗಳು ಇಂದಿನ ಪ್ರಮಾಣಿತ ಅಳತೆಗಳಿಗೆ ಹೊಂದುವುದಿಲ್ಲ.
• ಗಾಜಿನ ಗುಣ. ಹಳೆಯ ಗಾಜಿನಲ್ಲಿ ಸಣ್ಣ ಗುಳ್ಳೆಗಳೂ ಅಂಟಿನ ಪದರದಲ್ಲಿ ಹಳದಿ ಛಾಯೆಯೂ ಕಂಡುಬರುವುದುಂಟು. ಗಾಜಿನ ಮೇಲೆ ಪ್ರತಿಫಲನ ನಿರೋಧಕ ಲೇಪವಿದ್ದರೆ ಅದು ಇಪ್ಪತ್ತನೆಯ ಶತಮಾನದ್ದೆಂದು ನಿಶ್ಚಯಿಸಬಹುದು.
• ಲೋಹದ ಸವೆತ. ದೀರ್ಘಕಾಲ ಬಳಸಿದ ಕ್ಯಾಮೆರಾದಲ್ಲಿ ಕೈ ತಾಗುವ ತಿರುಗಣೆ, ಆಧಾರದ ಕವಲು ಮುಂತಾದ ಜಾಗಗಳಲ್ಲೇ ಸವೆತ ಹೆಚ್ಚಿರುತ್ತದೆ. ಕೃತಕವಾಗಿ ಹಳತಾಗಿಸಿದ ಲೋಹದಲ್ಲಿ ಕಲೆ ಎಲ್ಲೆಡೆ ಒಂದೇ ಸಮನಾಗಿರುತ್ತದೆ.
• ವಸ್ತುವಿನ ಒಡೆತನದ ದಾಖಲೆಗಳು. ಮೇಲಿನ ಎಲ್ಲ ಲಕ್ಷಣಗಳಿಗಿಂತ ಇವೇ ಹೆಚ್ಚು ವಿಶ್ವಾಸಾರ್ಹ.

ಆರಂಭಕಾಲದ ಕ್ಯಾಮೆರಾಗಳ ಬೆಲೆ ಎಷ್ಟು ಏರಿದೆ ಎಂಬುದಕ್ಕೆ ಮರದ ಕ್ಯಾಮೆರಾಗಳ ಹರಾಜುಗಳು ನಿದರ್ಶನ. ವಿಯೆನ್ನಾದ ವೆಸ್ಟ್‌ಲಿಖ್ಟ್ ಹರಾಜು ಸಂಸ್ಥೆಯಲ್ಲಿ 2007ರಲ್ಲಿ ಸೂಸ್ ಸಹೋದರರ 1839ರ ಕ್ಯಾಮೆರಾ ಸುಮಾರು 5,88,000 ಯೂರೋಗೂ, 2010ರಲ್ಲಿ ಜಿರೂ ಕ್ಯಾಮೆರಾವೊಂದು 7,32,000 ಯೂರೋಗೂ ಮಾರಾಟವಾದವು.

ಪ್ರತಿಕೃತಿಗಳ ಉಪಯೋಗ ಸಂಗ್ರಹಕ್ಕಷ್ಟೇ ಸೀಮಿತವಲ್ಲ. ಮೂಲ ವಸ್ತುವನ್ನು ಮುಟ್ಟಲು ಅವಕಾಶವಿಲ್ಲದ ಕಡೆ ಅವು ಬೋಧನೆಗೆ ನೆರವಾಗುತ್ತವೆ. ಇಂದಿಗೂ ಡಾಗೆರೊಟೈಪ್ ವಿಧಾನವನ್ನು ಅಭ್ಯಾಸ ಮಾಡುವ ಕಲಾವಿದರು ಇಂತಹ ಕ್ಯಾಮೆರಾಗಳನ್ನು ಬಳಸುವುದುಂಟು. ಬಿಸಿ ಪಾದರಸದ ಆವಿ ನರಮಂಡಲಕ್ಕೆ ತೀವ್ರ ಹಾನಿ ಮಾಡುವುದರಿಂದ ಅವರಲ್ಲಿ ಹಲವರು, ಎಡ್ಮಂಡ್ ಬೆಕ್ರೆಲ್ ಅವರು 1840ರಲ್ಲಿ ಕಂಡುಹಿಡಿದ, ಪಾದರಸದ ಬದಲು ಕೆಂಪು ಬೆಳಕಿನಿಂದ ಚಿತ್ರವನ್ನು ಮೂಡಿಸುವ ವಿಧಾನವನ್ನು ಅನುಸರಿಸುತ್ತಾರೆ.

ಭಾರತ ಮತ್ತು ಕರ್ನಾಟಕದ ಸಂದರ್ಭ

ಡಾಗೆರೊಟೈಪ್ ಭಾರತಕ್ಕೆ ಬೇಗನೆ ಬಂದಿತು. 1840ರಲ್ಲೇ ಕಲ್ಕತ್ತೆಯ ಥ್ಯಾಕರ್, ಸ್ಪಿಂಕ್ ಕಂಪನಿ ಡಾಗೆರೊಟೈಪ್ ಕ್ಯಾಮೆರಾಗಳ ಜಾಹೀರಾತು ನೀಡಿತ್ತು. ಆದರೆ ಬಿಸಿ ಮತ್ತು ತೇವದ ಹವೆಯಲ್ಲಿ ಬೆಳ್ಳಿಯ ಫಲಕ ಬೇಗ ಕಪ್ಪಾಗುವುದು ಹಾಗೂ ಪ್ರತಿಗಳನ್ನು ಪಡೆಯಲಾಗದಿರುವುದು ಅದರ ವ್ಯಾಪಕ ಬಳಕೆಗೆ ಅಡ್ಡಿಯಾಗಿದ್ದವು.

ಕರ್ನಾಟಕದ ಪ್ರಸಿದ್ಧ ಆರಂಭಿಕ ಛಾಯಾಚಿತ್ರಗಳು ಕಾಗದದ ಋಣಪ್ರತಿಗಳಿಂದ ಬಂದವು. 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಅವರು ಹಳೇಬೀಡು ಮತ್ತು ಬೇಲೂರಿನ ದೇವಾಲಯಗಳನ್ನೂ, 1855ರಲ್ಲಿ ಥಾಮಸ್ ಬಿಗ್ಸ್ ಅವರು ವಿಜಯಪುರ, ಬಾದಾಮಿ, ಐಹೊಳೆ ಮುಂತಾದ ಸ್ಥಳಗಳನ್ನೂ ಚಿತ್ರೀಕರಿಸಿದರು. ಬಿಗ್ಸ್, ಪಿಗೂ ಹಾಗೂ ನೀಲ್ ಅವರ ಚಿತ್ರಗಳನ್ನು ಒಳಗೊಂಡ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾಸೆಲ್ ಮಿಷನ್ ಕರಾವಳಿಯ ಜನಜೀವನದ ಛಾಯಾಚಿತ್ರಗಳನ್ನು ಸಂಗ್ರಹಿಸಿತು. ಈ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ.

ಹೀಗೆ ಕನ್ನಡ ನಾಡಿನಲ್ಲಿ ಚಿತ್ರಗ್ರಹಣ ನೆಲೆಯೂರಿದ್ದು ಡಾಗೆರೊಟೈಪಿನ ಕಾಲ ಮುಗಿಯುತ್ತಾ ಬಂದ ಮೇಲೆ. ಪೆಟ್ಸ್‌ವಾಲ್ ರಚನೆಯ ಮಸೂರವಾದರೋ ಸ್ಟುಡಿಯೋಗಳ ಭಾವಚಿತ್ರಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿತ್ತು. ಮುಂದೆ ಮಾಯಾದೀಪಗಳು ಹಾಗೂ ಚಲನಚಿತ್ರದ ಪ್ರೊಜೆಕ್ಟರುಗಳಲ್ಲಿ ಅದೇ ರಚನೆಯ ಮಸೂರಗಳನ್ನು ದೀರ್ಘಕಾಲ ಬಳಸಲಾಯಿತು.

ಪರಂಪರೆ

ಛಾಯಾಗ್ರಹಣದ ಇತಿಹಾಸದಲ್ಲಿ ಫೋಕ್ಟ್‌ಲೆಂಡರ್ ಅವರ ಸ್ಥಾನ ಆವಿಷ್ಕಾರಕರದಲ್ಲ, ನಿರ್ಮಾಪಕರದು. ವಿಶ್ವವಿದ್ಯಾಲಯದ ಗಣಿತ ಮತ್ತು ಕಾರ್ಯಾಗಾರದ ಕೈಚಳಕ ಒಂದಾದಾಗ ಏನು ಸಾಧ್ಯವೆಂಬುದನ್ನು ಅವರ ಕೆಲಸ ತೋರಿಸಿತು. ಮಸೂರಗಳನ್ನು ಮೊದಲು ಲೆಕ್ಕಹಾಕಿ ಅನಂತರ ತಯಾರಿಸುವ ಕ್ರಮ ಮುಂದೆ ಜರ್ಮನಿಯ ದೃಕ್ ಉದ್ಯಮದ ಅಡಿಪಾಯವಾಯಿತು. ಲಿಖಿತ ಕರಾರಿಲ್ಲದೆ ಆರಂಭವಾದ ಸಹಯೋಗ ಹೇಗೆ ಕೊನೆಗೊಂಡೀತು ಎಂಬುದಕ್ಕೂ ಅವರ ಜೀವನ ಉದಾಹರಣೆಯಾಗಿದೆ.

ಪೆಟ್ಸ್‌ವಾಲ್ ಅವರು ಹುಟ್ಟಿದ ಸ್ಪಿಶ್‌ಸ್ಕಾ ಬೆಲಾದ ಮನೆ ಇಂದು ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿದ್ದು, ಹಳೆಯ ಛಾಯಾಗ್ರಹಣ ಉಪಕರಣಗಳು ಅಲ್ಲಿ ಪ್ರದರ್ಶಿತವಾಗಿವೆ. ಫೋಕ್ಟ್‌ಲೆಂಡರ್ ಅವರ ಹೆಸರು ಅವರು ಎಂದೂ ಕಾಣದ ಜಪಾನಿನಲ್ಲಿ ತಯಾರಾಗುವ ಮಸೂರಗಳ ಮೇಲೆ ಉಳಿದುಕೊಂಡಿದೆ.